ಕಾಣದ ಫಲಕ

ಬೆಂಗಳೂರಿನ ಬಡಾವಣೆಗಳಲ್ಲಿ ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವನ್ನು ನೋಡದವರು ಕಡಿಮೆ. ಯಾವ ಜಾತಿಯವರು, ಯಾವ ಧರ್ಮದವರು ಬರಕೂಡದೆಂದು ಅದು ಹೇಳುತ್ತಿದೆ ಎಂಬುದು ಓದಿದ ಎಲ್ಲರಿಗೂ ತಿಳಿಯುತ್ತದೆ. ಅದು ಅನ್ಯಾಯವೇ; ಆದರೂ ಬೀದಿಯಲ್ಲಿ ನಿಂತ ಅನ್ಯಾಯ. ಹೊರಗುಳಿದವನು ಅದನ್ನು ಓದಬಲ್ಲ, ಪ್ರಶ್ನಿಸಬಲ್ಲ, ಚಿತ್ರ ತೆಗೆದು ಹತ್ತು ಜನರಿಗೆ ತೋರಿಸಬಲ್ಲ. ಡಿಜಿಟಲ್ ಜಾಹೀರಾತಿನ ಲೋಕದಲ್ಲಿ ಇಂಥ ಫಲಕವೇ ಇರುವುದಿಲ್ಲ. ಅಲ್ಲಿ ಹೊರಗುಳಿದವನಿಗೆ ಮನೆ ಖಾಲಿ ಇದ್ದ ಸಂಗತಿಯೇ ತಿಳಿಯದು.

ಟೆಕ್ಸಾಸಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಡಲ್ಲಾಸಿನ ಈಶಾನ್ಯಕ್ಕಿರುವ ಮರ್ಫಿ, 2020ರ ಜನಗಣತಿಯಂತೆ ಸುಮಾರು 21 ಸಾವಿರ ಜನರ ಊರು. ಅಲ್ಲಿಯೂ ನೆರೆಯ ಪ್ಲೇನೊ, ರಿಚರ್ಡ್‌ಸನ್‌ಗಳಲ್ಲಿಯೂ ನೆಲೆಸಿರುವ ಭಾರತೀಯ ಎಂಜಿನಿಯರುಗಳಲ್ಲಿ ಪ್ರೋಗ್ರಾಮ್ಯಾಟಿಕ್ ಜಾಹೀರಾತಿನ ಕೆಲಸದವರೂ ಉಂಟು. ಕ್ಯಾಂಪೇನ್ ಕಟ್ಟುವ ಕ್ರಮ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಮೊದಲು ಉದ್ದೇಶ, ಬಜೆಟ್, ದಿನಾಂಕಗಳು. ಅನಂತರ ಸಾವಿರ ಪ್ರದರ್ಶನಕ್ಕೆ ಎಷ್ಟು ಬಿಡ್, ಒಬ್ಬರಿಗೆ ದಿನಕ್ಕೆ ಎಷ್ಟು ಸಲ. ಆಮೇಲೆ ಯಾವ ಜಿಪ್ ಕೋಡ್, ಯಾವ ಭಾಷೆ, ಯಾವ ಆಸಕ್ತಿಯ ಜನ ಎಂಬ ಪಟ್ಟಿ. ಆ ಪಟ್ಟಿಯ ಪಕ್ಕದಲ್ಲೇ ಯಾರನ್ನು ಬಿಡಬೇಕು ಎಂಬ ಇನ್ನೊಂದು ಪಟ್ಟಿ. ಓದುಗ ಪುಟ ತೆರೆದಾಗ ನಡೆಯುವ ಹರಾಜು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಎರಡನೆಯ ಪಟ್ಟಿಯಲ್ಲಿರುವವರ ಪಾಲಿಗೆ ಆ ಜಾಹೀರಾತು ಹರಾಜಿಗೇ ಬರುವುದಿಲ್ಲ.

ಈ ಗುರುತುಗಳಿಂದ ಏನಾಗಬಲ್ಲದೆಂದು 2016ರ ಅಕ್ಟೋಬರಿನಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ತೋರಿಸಿಕೊಟ್ಟರು. ಕಪ್ಪು ಜನರ, ಏಷ್ಯನ್ನರ, ಹಿಸ್ಪಾನಿಕರ ಬಗ್ಗೆ ‘ಒಲವು’ ಉಳ್ಳವರನ್ನು ಹೊರಗಿಟ್ಟು ವಸತಿ ಜಾಹೀರಾತೊಂದನ್ನು ಕೊಳ್ಳಲು ಫೇಸ್‌ಬುಕ್ ಅವರಿಗೆ ಅವಕಾಶ ಕೊಟ್ಟಿತ್ತು. 2019ರ ಮಾರ್ಚಿನಲ್ಲಿ ಅಮೆರಿಕದ ವಸತಿ ಇಲಾಖೆ ಕಂಪನಿಯ ಮೇಲೆ ಆರೋಪ ಹೊರಿಸಿತು. ಭೂಪಟದ ಮೇಲೆ ಕೆಂಪು ಗೆರೆ ಎಳೆದು ಇಡೀ ಬಡಾವಣೆಗಳನ್ನು ಬಿಡುವ ಸೌಲಭ್ಯವೂ ಆ ಆರೋಪದಲ್ಲಿತ್ತು. 2022ರ ಜೂನಿನ ರಾಜಿಯಲ್ಲಿ ಮೆಟಾ ದಂಡ ಕಟ್ಟಲು, ಜಾಹೀರಾತು ಹಂಚುವ ವ್ಯವಸ್ಥೆಯಲ್ಲಿನ ತಾರತಮ್ಯವನ್ನು ಸರಿಪಡಿಸಲು ಒಪ್ಪಿತು. ಫೇಸ್‌ಬುಕ್‌ನದು ತನ್ನದೇ ಆವರಣದೊಳಗಿನ ಹರಾಜು, ಪ್ರೋಗ್ರಾಮ್ಯಾಟಿಕ್ ವೇದಿಕೆಗಳದು ಬಯಲಿನ ಹರಾಜು. ಎರಡರಲ್ಲಿಯೂ ಪಟ್ಟಿಯ ಸ್ವಭಾವ ಮಾತ್ರ ಒಂದೇ.

ಗೆರೆ ಎಳೆಯುವ ವಿದ್ಯೆ ಟೆಕ್ಸಾಸಿಗೆ ಹೊಸದಲ್ಲ. 1928ರಲ್ಲಿ ಡಲ್ಲಾಸಿನ ಕಾಕ್ ಅಂಡ್ ಫೌಲರ್ ಎಂಬ ಎಂಜಿನಿಯರಿಂಗ್ ಸಂಸ್ಥೆ ಆಸ್ಟಿನ್ ನಗರಕ್ಕೊಂದು ಯೋಜನೆ ರೂಪಿಸಿತು. ಕಪ್ಪು ಜನರ ಶಾಲೆ, ಉದ್ಯಾನಗಳನ್ನೆಲ್ಲ ನಗರದ ಪೂರ್ವಭಾಗಕ್ಕೆ ಸೇರಿಸಿದರೆ ಜನರೂ ತಾವಾಗಿ ಅತ್ತ ಸರಿಯುತ್ತಾರೆ ಎಂಬುದು ಅದರ ಲೆಕ್ಕಾಚಾರ. ಯಾರನ್ನೂ ಕತ್ತು ಹಿಡಿದು ಹೊರದಬ್ಬಬೇಕಿರಲಿಲ್ಲ. ಯಾವುದು ಯಾರ ಕೈಗೆಟುಕಬೇಕೆಂದು ನಿರ್ಧರಿಸಿದರೆ ಸಾಕಿತ್ತು. ಆ ನಕ್ಷೆಯನ್ನು ಬರೆದವರೂ ತಮ್ಮದು ಬರೀ ತಾಂತ್ರಿಕ ಕೆಲಸ ಎಂದುಕೊಂಡಿರಬಹುದು.

ಒಳಗೆ ಕರೆಯುವ ಪಟ್ಟಿಯೂ ಸದಾ ಉಪಕಾರದ ಪಟ್ಟಿಯಲ್ಲ. ಹ್ಯೂಸ್ಟನ್ನಿನ ಈಶಾನ್ಯಕ್ಕಿರುವ ಕಾಲೊನಿ ರಿಡ್ಜ್ ವಸಾಹತಿನ ಅಭಿವೃದ್ಧಿಗಾರರ ಮೇಲೆ 2023ರ ಡಿಸೆಂಬರಿನಲ್ಲಿ ಕೇಂದ್ರ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. ಟಿಕ್‌ಟಾಕ್‌ನಂಥ ತಾಣಗಳಲ್ಲಿ ಸ್ಪ್ಯಾನಿಷ್ ಜಾಹೀರಾತು ಬಿಟ್ಟು ಹಿಸ್ಪಾನಿಕ್ ವಲಸಿಗರನ್ನು ಸೆಳೆದರು, ಮುಖ್ಯ ಕಾಗದಪತ್ರಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಕೊಟ್ಟು ತೀರಿಸಲಾಗದ ಸಾಲಕ್ಕೆ ಸಿಲುಕಿಸಿದರು ಎಂಬುದು ದೂರು. ಕಂಪನಿ ಅದನ್ನು ಅಲ್ಲಗಳೆಯಿತು. ತಾಯ್ನುಡಿಯಲ್ಲಿ ಕರೆದವರೆಲ್ಲ ನೆಂಟರಲ್ಲ ಎಂಬ ಎಚ್ಚರ ಕನ್ನಡಿಗರಿಗೂ ಬೇಕು.

ಕಾನೂನು ಈ ಪ್ರಶ್ನೆಯನ್ನು ಅರ್ಧ ಮಾತ್ರ ಮುಟ್ಟಿದೆ. ಗೂಗಲ್ಲಿನ ಜಾಹೀರಾತು ಹರಾಜಿನ ವಿರುದ್ಧ ಟೆಕ್ಸಾಸ್ 2020ರ ಡಿಸೆಂಬರಿನಲ್ಲಿ ಹೂಡಿದ ಮೊಕದ್ದಮೆ ನ್ಯೂಯಾರ್ಕಿಗೆ ಹೋಗಿ, 2023ರಲ್ಲಿ ಮರಳಿ ಮರ್ಫಿಯ ನೆರೆಯಲ್ಲೇ ಇರುವ ಪ್ಲೇನೊ ನ್ಯಾಯಾಲಯದ ಅಂಗಳಕ್ಕೆ ಬಂತು. ಅದರ ಜೀವಾಳ ಏಕಸ್ವಾಮ್ಯ, ಬೆಲೆ, ಮೋಸ. ಹರಾಜಿಗೆ ಬಾರದವರ ಪ್ರಶ್ನೆ ಅಲ್ಲಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಟೆಕ್ಸಾಸಿನ ದತ್ತಾಂಶ ಕಾಯಿದೆಯ ಬಲದಿಂದ ನಾಗರಿಕನು ‘ನನ್ನನ್ನು ಗುರಿಯಿಟ್ಟು ಜಾಹೀರಾತು ತೋರಿಸಬೇಡಿ’ ಎನ್ನಬಹುದು. ‘ನನ್ನಿಂದ ಏನನ್ನು ಮರೆಮಾಡಿದಿರಿ’ ಎಂದು ಕೇಳುವ ಹಕ್ಕು ಅದರಲ್ಲಿ ಇಲ್ಲ.

ಎಲ್ಲ ಆಯ್ಕೆಯೂ ತಾರತಮ್ಯವಲ್ಲ, ನಿಜ. ಕನ್ನಡ ಸಿನಿಮಾ ಪ್ರದರ್ಶನದ ಸುದ್ದಿಯನ್ನು ಕನ್ನಡ ಬಲ್ಲವರಿಗಷ್ಟೇ ಕಳಿಸಿದರೆ ಯಾರಿಗೂ ನಷ್ಟವಿಲ್ಲ. ಕೈಯಲ್ಲಿ ಐನೂರು ಡಾಲರು ಇರುವ ಅಂಗಡಿಯವನು ಊರಿಗೆಲ್ಲ ಸಾರಬೇಕೆಂದು ಕೇಳುವುದೂ ಸಲ್ಲದು. ಆದರೆ ಮನೆ, ಉದ್ಯೋಗ, ಸಾಲ ಈ ಮೂರೂ ಬದುಕಿನ ಬಾಗಿಲುಗಳು. ಇಲ್ಲಿ ಜಿಪ್ ಕೋಡ್ ಬಿಡುವುದೆಂದರೆ ಎಷ್ಟೋ ಸಲ ಬಣ್ಣವನ್ನು, ವರ್ಗವನ್ನು ಬಿಟ್ಟಂತೆಯೇ.

ಆದ್ದರಿಂದ ಈ ಮೂರರ ಕ್ಯಾಂಪೇನ್ ಕಟ್ಟುವವರು ಕೈಬಿಟ್ಟವರ ಪಟ್ಟಿಯನ್ನು ಕಾರಣ ಸಹಿತ ಬರೆದಿಡಬೇಕು, ಇನ್ನೊಬ್ಬರು ಅದನ್ನು ಪರಿಶೀಲಿಸಬೇಕು. ಎಷ್ಟು ಕ್ಲಿಕ್ ಬಂತು ಎಂಬುದರ ಜೊತೆಗೆ, ಜಾಹೀರಾತು ಒಮ್ಮೆಯೂ ತಲುಪದ ಬಡಾವಣೆಗಳಾವುವು ಎಂಬುದೂ ವರದಿಯಲ್ಲಿರಬೇಕು. ಉಗಾದಿ, ರಾಜ್ಯೋತ್ಸವಗಳಿಗೆ ಮನೆ ಮಾರುವವರಿಂದ, ಸಾಲ ಕೊಡಿಸುವವರಿಂದ ಪ್ರಾಯೋಜಕತ್ವ ಪಡೆಯುವ ಕನ್ನಡ ಸಂಘಗಳೂ ಅವರಿಗೆ ಇದೇ ಪ್ರಶ್ನೆ ಕೇಳಬಹುದು. ಎಚ್-1ಬಿ ವೀಸಾದ ಮೇಲಿರುವ ನೌಕರನಿಗೆ ಮೇಲಧಿಕಾರಿಯ ಮುಂದೆ ‘ಆಗದು’ ಎನ್ನುವುದು ಸುಲಭವಲ್ಲ, ಕೆಲಸ ಹೋದರೆ ದೇಶದಲ್ಲಿ ಉಳಿಯಲು ಅವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಆ ಭಯವಿಲ್ಲದವರು, ಹಸಿರು ಚೀಟಿಯೋ ಪೌರತ್ವವೋ ಪಡೆದು ನೆಲೆ ನಿಂತವರು, ಮೊದಲು ಬಾಯಿ ತೆರೆಯಬೇಕು.