ಸುರುಳಿ ಬಾಲದ ಇಲಿ

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂತಹ ಊರಿನಲ್ಲಿ ಇಲಿಯೆಂದರೆ ಕಾಳಿನ ಚೀಲಕ್ಕೆ ಕನ್ನ ಹಾಕುವ ಕಳ್ಳ. ಅದೇ ಇಲಿ ವಿಜ್ಞಾನಿಯ ಪಂಜರದಲ್ಲಿ, ಮನುಷ್ಯರ ಮನೆಯ ಹಳೆಯ ಸಂಕಟವೊಂದಕ್ಕೆ ಸಾಕ್ಷಿ ನುಡಿದಿದೆ.

ಬೆನ್ನುಹುರಿ ತೆರೆದುಕೊಂಡು, ಬೆನ್ನಿನ ಮೇಲೆ ಗಂಟು ಹೊತ್ತು ಶಿಶು ಹುಟ್ಟಿದರೆ ಕೆಲವರು ಗ್ರಹಣವನ್ನು ದೂರುವರು; ಕೆಲವರು ಹೆತ್ತವಳನ್ನೇ ದೂರುವರು. ಈ ದೋಷ ನಮ್ಮ ನಾಡಿಗೆ ಹೊಸತಲ್ಲ. ದಾವಣಗೆರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ವರದಿಯಂತೆ, 3,500 ಜನನಗಳಲ್ಲಿ 40 ಶಿಶುಗಳಿಗೆ ಮೆದುಳಿನ ಇಲ್ಲವೆ ಬೆನ್ನುಹುರಿಯ ಇಂತಹ ದೋಷವಿದ್ದಿತು.

ಭ್ರೂಣದಲ್ಲಿ ಮೊದಲು ಚಪ್ಪಟೆಯಾದ ಪದರವೊಂದಿರುತ್ತದೆ. ಅದರ ಅಂಚುಗಳು ಮೇಲೆದ್ದು, ಒಂದನ್ನೊಂದು ಕೂಡಿ ಕೊಳವೆಯಾಗುತ್ತವೆ. ಮುಂದೆ ಅದೇ ಮೆದುಳು, ಅದೇ ಬೆನ್ನುಹುರಿ. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಈ ಕೊಳವೆ ಮುಚ್ಚಬೇಕು. ಆಗ ಎಷ್ಟೋ ತಾಯಂದಿರಿಗೆ ತಾವು ಬಸುರಿಯರೆಂಬುದೇ ತಿಳಿದಿರುವುದಿಲ್ಲ. ತಾಯಿಯ ಗರ್ಭದಲ್ಲಿ ಹಂತಹಂತವಾಗಿ ನೋಡಲಾಗದ ಈ ಕಾರ್ಯವನ್ನು ಇಲಿಯಲ್ಲಿ ನೋಡಬಹುದು. ಅದರ ಬಸಿರಿನ ಅವಧಿ ಸುಮಾರು 20 ದಿನಗಳು ಮಾತ್ರ.

1954ರಲ್ಲಿ ಲಂಡನ್ನಿನ ತಳಿವಿಜ್ಞಾನಿ ಹಾನ್ಸ್ ಗ್ರೂನೆಬರ್ಗ್ ವಿಚಿತ್ರವಾದ ಇಲಿವಂಶವೊಂದನ್ನು ವರ್ಣಿಸಿದರು. ಕೊಳವೆಯ ಹಿಂದುದಿ ತಡವಾಗಿ ಮುಚ್ಚಿದರೆ ಮರಿಯ ಬಾಲ ಸುರುಳಿಯಾಗುತ್ತದೆ. ಮುಚ್ಚದೆಯೇ ಉಳಿದರೆ ಬೆನ್ನು ತೆರೆದಿರುತ್ತದೆ.

1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಯೋಗದ ಫಲ ಹೊರಬಿದ್ದಿತು. ಮೊದಲು ಇಂತಹ ಮಗುವನ್ನು ಹೆತ್ತಿದ್ದ ತಾಯಂದಿರು ಬಸಿರಿಗೆ ಮುನ್ನವೇ ಫೋಲಿಕ್ ಆಮ್ಲ ಸೇವಿಸಿದಾಗ, ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಆದರೆ ಸುರುಳಿ ಬಾಲದ ಇಲಿಗೆ ಅದೇ ಔಷಧ ನಾಟಲಿಲ್ಲ! ಇನೋಸಿಟಾಲ್ ಎಂಬ ಬೇರೊಂದು ಪೋಷಕದಿಂದ ಅದರ ಮರಿಗಳಲ್ಲಿ ದೋಷ ಕಡಿಮೆಯಾಗುವುದೆಂದು 1997ರಲ್ಲಿ ಕಂಡುಬಂದಿತು. ಹೊಟ್ಟೆಯ ಮೇಲೆ ಬಿಳಿ ಮಚ್ಚೆಯುಳ್ಳ ಮತ್ತೊಂದು ವಂಶಕ್ಕಾದರೋ ಫೋಲಿಕ್ ಆಮ್ಲವೇ ನೆರವಾಯಿತು.

ರೋಗ ಒಂದೇ, ಬೇರು ಹಲವು. ಇಲಿ ಹೇಳಿದ ಸಾಕ್ಷ್ಯವಿದು. ಇಲಿಗೆ ಒಗ್ಗಿದ್ದೆಲ್ಲ ಮನುಷ್ಯರಿಗೆ ಒಗ್ಗೀತೆಂದು ಹೇಳಲಾಗದು. ಆದರೆ ಮಾತ್ರೆ ನುಂಗಿದ ತಾಯಿಗೂ ಇಂತಹ ಮಗು ಹುಟ್ಟಬಹುದೇಕೆಂಬುದಕ್ಕೆ ಇದರಲ್ಲಿ ಉತ್ತರವಿದೆ.

ಹಾಗೆಂದು ಮಾತ್ರೆಯನ್ನು ಕಡೆಗಣಿಸಲಾಗದು. ಸೊಪ್ಪು, ಹೆಸರು, ಕಡಲೆಗಳಲ್ಲಿ ಈ ಪೋಷಕವಿದೆ. ಅದರೊಡನೆ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯೂ ಬೇಕೆಂಬುದು ವೈದ್ಯರ ಮತ. ಮೊದಲೇ ಇಂತಹ ಮಗುವನ್ನು ಕಂಡ ಮನೆಯವರು ಹೆಚ್ಚಿನ ಪ್ರಮಾಣಕ್ಕಾಗಿ ವೈದ್ಯರನ್ನು ಕೇಳಬೇಕು. ಮಾತ್ರೆ ಆರಂಭವಾಗಬೇಕಾದುದು ಸೀಮಂತದ ಹೊತ್ತಿಗಲ್ಲ, ಬಸಿರಿಗೆ ಮುನ್ನ. ಸೊಸೆಗೆ ಅದನ್ನು ನೆನಪಿಸುವ ಅತ್ತೆ, ಗ್ರಹಣದ ಲೆಕ್ಕ ಹಾಕುವ ಅತ್ತೆಗಿಂತ ಹೆಚ್ಚಿನ ಉಪಕಾರ ಮಾಡಿದಂತೆ.