ಲಗ್ನವನ್ನು ಮುಂದೂಡಿದ ನಾಯಕಿ

ಮಗಳಿಗೆ ಇಪ್ಪತ್ತೈದು ತುಂಬಿಯೂ ಕಂಕಣಬಲ ಕೂಡಿಬಾರದಿದ್ದರೆ ಹೆತ್ತವರ ನಿದ್ದೆ ಕೆಡುತ್ತಿದ್ದ ಕಾಲವೊಂದು ಜಪಾನಿನಲ್ಲಿಯೂ ಇತ್ತು. ಅಂತಹ ಕಾಲದಲ್ಲಿ ಆಟಕ್ಕಾಗಿ ಮೂವತ್ತೊಂದರವರೆಗೆ ಅವಿವಾಹಿತೆಯಾಗಿ ಉಳಿದವರು ಮಸಾಯೆ ಕಸೈ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ವರ್ಣಪದಕ ಗೆದ್ದ ಜಪಾನೀ ಮಹಿಳಾ ವಾಲಿಬಾಲ್ ತಂಡದ ನಾಯಕಿ ಈಕೆಯೇ.

1933ರಲ್ಲಿ ಯಾಮಾನಾಶಿ ಪ್ರಾಂತದಲ್ಲಿ ಜನಿಸಿದ ಮಸಾಯೆ ವ್ಯಾಸಂಗ ಮುಗಿಸಿ ಸೇರಿದ್ದು ನಿಚಿಬೋ ಎಂಬ ನೂಲಿನ ಗಿರಣಿಯ ಕಂಪನಿಯನ್ನು. ಒಸಾಕಾ ನಗರದ ಸಮೀಪ ಕೈಜುಕಾದಲ್ಲಿದ್ದ ಗಿರಣಿಯಲ್ಲಿ 1954ರಲ್ಲಿ ಮಹಿಳಾ ತಂಡವೊಂದು ರೂಪುಗೊಂಡಿತು. ಆಟವೇ ಜೀವನೋಪಾಯವೆಂಬ ಇಂದಿನ ಏರ್ಪಾಟು ಅಂದು ಇರಲಿಲ್ಲ. ಹಗಲೆಲ್ಲ ಕಂಪನಿಯ ಕೆಲಸ. ಸಂಜೆ ಆರಂಭವಾದ ಅಭ್ಯಾಸ ಎಷ್ಟೋ ದಿನ ನಡುರಾತ್ರಿಯನ್ನೂ ದಾಟುತ್ತಿತ್ತು.

ತರಬೇತುದಾರ ಹಿರೊಬುಮಿ ದೈಮತ್ಸು, ಎರಡನೆಯ ಮಹಾಯುದ್ಧದಲ್ಲಿ ಇಂಫಾಲದ ದಂಡಯಾತ್ರೆಯಿಂದ ಜೀವಸಹಿತ ಮರಳಿದ ಸೈನಿಕ. ಎತ್ತರದಲ್ಲಿಯೂ ತೋಳ್ಬಲದಲ್ಲಿಯೂ ರಷ್ಯದ ವನಿತೆಯರನ್ನು ಸರಿಗಟ್ಟುವುದು ತನ್ನವರಿಗೆ ಅಸಾಧ್ಯವೆಂದು ಬಲ್ಲ ಆತ ಬೇರೊಂದು ಉಪಾಯ ಹೂಡಿದ. ದೂರ ಬಿದ್ದ ಚೆಂಡಿಗೆ ಮೈಚೆಲ್ಲಿ ಹಾರುವುದು, ಅದನ್ನು ಮೇಲೆತ್ತಿ ನೆಲದ ಮೇಲೆ ಭುಜದಿಂದ ಉರುಳುವುದು, ಉರುಳಿದ ವೇಗದಲ್ಲಿಯೇ ಎದ್ದು ಮುಂದಿನ ಚೆಂಡಿಗೆ ಸಿದ್ಧವಾಗುವುದು. ಓದಲು ಸುಲಭ, ಮೈ ಕಂದಿ ಕಪ್ಪಾಗುವವರೆಗೆ ಕಲಿತವರಿಗೇ ಅದರ ಬೆಲೆ ಗೊತ್ತು. 1961ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡ ತಂಡ ಒಂದು ಪಂದ್ಯವನ್ನೂ ಸೋಲದೆ ಮರಳಿದಾಗ, ಅಲ್ಲಿನ ಪತ್ರಿಕೆಗಳು ಇವರನ್ನು ‘ಪ್ರಾಚ್ಯದ ಮಾಟಗಾತಿಯರು’ ಎಂದು ಕರೆದವು.

ಮಸಾಯೆಯ ಪಾತ್ರ ಚೆಂಡನ್ನು ಬಡಿಯುವವರದಲ್ಲ, ಬಡಿಯುವವರಿಗೆ ಹದವಾಗಿ ಎತ್ತಿಕೊಡುವವರದು. ಚಪ್ಪಾಳೆ ಬೀಳುವುದು ಬಡಿದವರಿಗೆ. ಅಡಿಗೆಮನೆಯವರಿಗೂ ಪಂಕ್ತಿಯಲ್ಲಿ ಬಡಿಸುವವರಿಗೂ ಇರುವ ಸಂಬಂಧದಂತೆಯೇ ಇದು!

1962ರಲ್ಲಿ ಮಾಸ್ಕೋದಲ್ಲಿ ರಷ್ಯನ್ನರನ್ನು ಅವರ ಅಂಗಳದಲ್ಲಿಯೇ ಸೋಲಿಸಿ ವಿಶ್ವವಿಜೇತರಾದ ಮೇಲೆ ಆಟ ಬಿಟ್ಟು ಮದುವೆಯಾಗುವುದೆಂದು ಮಸಾಯೆ ನಿಶ್ಚಯಿಸಿದ್ದರು. ಆದರೆ ವಾಲಿಬಾಲ್ ಟೋಕಿಯೋದಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಪಂಕ್ತಿಗೆ ಬರಲಿತ್ತು. ಇನ್ನೆರಡು ವರ್ಷ ಆಡಿರೆಂದು ದೇಶವೇ ಬೇಡಿತು. ಇಪ್ಪತ್ತೊಂಬತ್ತರ ಹೆಣ್ಣಿಗೆ ಎರಡು ವರ್ಷವೆಂದರೆ ಸಾಮಾನ್ಯವೆ? ಆದರೂ ಆಕೆ ಉಳಿದರು.

1964ರ ಅಕ್ಟೋಬರ್ 23. ರಷ್ಯದ ವಿರುದ್ಧ ಮೊದಲ ಎರಡು ಸೆಟ್‌ಗಳು 15-11, 15-8. ಮೂರನೆಯದರಲ್ಲಿ ಜಪಾನ್ 14ಕ್ಕೆ ಬಂದು ನಿಂತಿತು. ರಷ್ಯನ್ನರು ಒಂದೊಂದಾಗಿ ಕೂಡಿಸುತ್ತ 13ಕ್ಕೆ ಏರಿದರು. ದೂರದರ್ಶನದ ಮುಂದೆ ಕುಳಿತಿದ್ದ ಜನತೆ ಉಸಿರು ಬಿಗಿಹಿಡಿಯಿತು. ಆ ರಾತ್ರಿಯ ವೀಕ್ಷಣೆಯ ಪ್ರಮಾಣ ಶೇಕಡಾ 66.8. ಕೊನೆಯ ಅಂಕ ಬಂದದ್ದು ಭರ್ಜರಿ ಹೊಡೆತದಿಂದಲ್ಲ. ರಷ್ಯದ ಆಟಗಾರ್ತಿಯ ಕೈ ಬಲೆಯನ್ನು ದಾಟಿತೆಂದು ತೀರ್ಪುಗಾರ ಊದಿದ ಸೀಟಿಯಿಂದ.

ಮದುವೆಯ ಮಾತೇನಾಯಿತು? ಪ್ರಧಾನಮಂತ್ರಿ ಐಸಾಕು ಸಾತೊ ಅವರೇ ವರಾನ್ವೇಷಣೆಗೆ ಇಳಿದರು. ಅವರು ಪರಿಚಯಿಸಿದ ಸೈನ್ಯಾಧಿಕಾರಿಯೊಬ್ಬರನ್ನು ಮಸಾಯೆ 1965ರಲ್ಲಿ ವರಿಸಿದರು.

ದೈಮತ್ಸುವಿನ ಶಿಸ್ತನ್ನು ಕ್ರೌರ್ಯವೆಂದವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ತಮ್ಮನ್ನು ಯಾರೂ ಬಲಾತ್ಕರಿಸಲಿಲ್ಲ, ಗೆಲ್ಲಬೇಕೆಂಬ ಹಂಬಲ ತಮ್ಮದೇ ಎಂಬ ಮಾತನ್ನು ಮಸಾಯೆ ಮುಪ್ಪಿನಲ್ಲಿಯೂ ಬಿಟ್ಟುಕೊಡಲಿಲ್ಲ. 2013ರಲ್ಲಿ, ಎಂಬತ್ತರ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಅದಕ್ಕೆ ಮುನ್ನ ಎಷ್ಟೋ ವರ್ಷ, ಮಕ್ಕಳೊಂದಿಗರಾದ ಗೃಹಿಣಿಯರ ವಾಲಿಬಾಲ್ ತಂಡಗಳಿಗಾಗಿ ದುಡಿದಿದ್ದರು.