ದೊಡ್ಡ ಜೆಟ್ಟಿನ ದೊಡ್ಡ ಸುಳ್ಳು

ಭಾನುವಾರದ ನಸುಕಿನಲ್ಲಿ ನಂಜನಗೂಡಿನ ಕಪಿಲಾ ಸೇತುವೆ ದಾಟಿ ಗುಂಡ್ಲುಪೇಟೆಯತ್ತ ಸಾಗುವ ಹಳೆಯ ಮೋಟಾರು ಸೈಕಲ್ಲುಗಳ ಸಾಲನ್ನು ದಾರಿಬದಿಯ ಊರಿನವರು ಮೊದಲು ಕಿವಿಯಿಂದ, ಬಳಿಕ ಮೂಗಿನಿಂದ ಗುರುತಿಸುತ್ತಾರೆ. ಕಣ್ಣಿನ ಸರದಿ ಕೊನೆಯದು. ಇಂತಹುದೇ ಇನ್ನೊಂದು ಸಾಲು ತಿ. ನರಸೀಪುರವನ್ನು ಹಾದು ಕೊಳ್ಳೇಗಾಲದ ರಸ್ತೆಯಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಟಿರುತ್ತದೆ. ಸೈಲೆನ್ಸರಿನ ಕರುಳು ಕಿತ್ತ ಯೆಜ್ಡಿಗಳು, ಏರ್ ಫಿಲ್ಟರಿನ ಡಬ್ಬಿಯನ್ನೇ ಬಿಚ್ಚಿಟ್ಟ ಆರ್‌ಎಕ್ಸ್ 100ಗಳು. ಸವಾರರು ಬೆಟ್ಟದ ಶುದ್ಧ ಗಾಳಿಯನ್ನು ಅರಸಿ ಹೋಗುತ್ತಾರೆ. ಹಂಗಳದಲ್ಲಿ, ಮೇಲುಕಾಮನಹಳ್ಳಿಯಲ್ಲಿ ಬಸ್ಸಿಗೆ ಕಾದು ನಿಂತವರ ಪಾಲಿಗೆ ಉಳಿಯುವುದು ಅವರು ಬಿಟ್ಟುಹೋದ ಹೊಗೆ.

ಈ ಹೊಗೆಯ ಬಗ್ಗೆ ಎರಡು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿದರೆ ತೀರಿತು ಎಂಬುದು ಪರಿಸರಾಸಕ್ತರಲ್ಲೇ ಹಲವರ ವಾದ. ಹಳೆಯ ಎಂಜಿನ್ನಿಗೆ ಜೀವ ಬರಬೇಕಾದರೆ ಕಾರ್ಬುರೇಟರಿನ ಜೆಟ್ ದೊಡ್ಡದಾಗಲೇಬೇಕು, ಹೊಗೆ ಅದರ ಬೆಲೆ ಎಂಬುದು ಸವಾರರ ವಾದ. ಎರಡೂ ತಪ್ಪು. ಎರಡನೆಯದು ತಪ್ಪು ಮಾತ್ರವಲ್ಲ, ಸುಳ್ಳು ಕೂಡ.

ಮೊದಲನೆಯವರಿಗೆ ಇಷ್ಟನ್ನು ನೆನಪಿಸಬೇಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಈ ಸೀಮೆಯ ಪಾಲಿಗೆ ಶೋಕಿಯ ವಸ್ತುಗಳಾಗಿರಲಿಲ್ಲ. ಹಾಲಿನ ಕ್ಯಾನು, ಬಾಳೆಗೊನೆ, ಗೊಬ್ಬರದ ಮೂಟೆ ಹೊತ್ತು ನಾಲೆಯ ಏರಿಯ ಮೇಲೆ ಓಡಿದ ಗಾಡಿಗಳು ಅವು. ತಂದೆಯ ಗಾಡಿಯನ್ನು ಮಗ ದುರಸ್ತಿ ಮಾಡಿಸಿ ಓಡಿಸುವುದರಲ್ಲಿ ಹೊಸ ಉಕ್ಕು, ಹೊಸ ಪ್ಲಾಸ್ಟಿಕ್ಕು, ಹೊಸ ಸಾಲ ಮೂರೂ ಉಳಿಯುತ್ತವೆ. ಬಾಳಿಕೆ ಬರುವ ವಸ್ತುವನ್ನು ಎಸೆಯದಿರುವುದು ಪರಿಸರ ಚಳವಳಿಯ ಮೊದಲ ಪಾಠಗಳಲ್ಲೊಂದಲ್ಲವೆ? ಆದರೆ ಈ ಸಮರ್ಥನೆ ನಿಲ್ಲುವುದು ಗಾಡಿ ತಯಾರಾದ ದಿನದಷ್ಟಾದರೂ ಶುದ್ಧವಾಗಿ ಓಡಿದಾಗ ಮಾತ್ರ.

ಇನ್ನು ಸುಳ್ಳಿನ ವಿಚಾರ. ಮೇನ್ ಜೆಟ್ ಎಂಬುದು ಉಗುರಿನಷ್ಟು ಗಾತ್ರದ ಹಿತ್ತಾಳೆಯ ತಿರುಪು. ಅದರ ನಡುವೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ರಂಧ್ರ. ಆಕ್ಸಿಲರೇಟರನ್ನು ಮುಕ್ಕಾಲು ಪಾಲಿನಿಂದಾಚೆಗೆ ತಿರುಗಿಸಿದಾಗ ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಈ ರಂಧ್ರ ಅಳೆಯುತ್ತದೆ. ಅದಕ್ಕಿಂತ ಕೆಳಗೆ ನೀಡಲ್ಲಿನ ಆಳ್ವಿಕೆ. ಮೊದಲ ಕಾಲು ಪಾಲು ಪೈಲಟ್ ಜೆಟ್ಟಿನದು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಜೆಟ್ ದೊಡ್ಡದಾದರೆ ಪೆಟ್ರೋಲು ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಉಳಿದ ಪೆಟ್ರೋಲು ಶಕ್ತಿಯಾಗದೆ ಕಾರ್ಬನ್ ಮಾನಾಕ್ಸೈಡಾಗಿ, ಅರೆಬೆಂದ ಹೈಡ್ರೋಕಾರ್ಬನ್ನಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ‘ಅಣ್ಣಾ, ಜೆಟ್ ಒಂದು ಸೈಜ್ ದೊಡ್ಡದು ಹಾಕ್ಬಿಡಿ, ಪಿಕಪ್ ಬರ್ಲಿ’ ಎನ್ನುವ ಹುಡುಗ ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಹೊಗೆಯನ್ನು.

ಆ ‘ಒಂದು ಸೈಜಿ’ನ ಲೆಕ್ಕವನ್ನೂ ನೋಡಬೇಕು. ಹಲವು ತಯಾರಕರ ಜೆಟ್ಟಿನ ಮೇಲಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ. 100 ಎಂದರೆ 1 ಮಿ.ಮೀ. ಇನ್ನು ಕೆಲವರಲ್ಲಿ ಅದು ನಿಮಿಷಕ್ಕೆ ಹರಿಯುವ ಇಂಧನದ ಅಳತೆ. ಹೀಗಾಗಿ ಒಬ್ಬರ 100 ಇನ್ನೊಬ್ಬರ 100 ಅಲ್ಲ. ವ್ಯಾಸದ ಲೆಕ್ಕದಲ್ಲಿ 100ರಿಂದ 110ಕ್ಕೆ ಹೋದರೆ ಹೆಚ್ಚಿದ್ದು ನೂರಕ್ಕೆ ಹತ್ತು ಎಂದು ಎಲ್ಲರೂ ಭಾವಿಸುತ್ತಾರೆ. ಪೆಟ್ರೋಲು ಹರಿಯುವುದು ವ್ಯಾಸದ ಮೂಲಕವಲ್ಲ, ವಿಸ್ತೀರ್ಣದ ಮೂಲಕ. ವಿಸ್ತೀರ್ಣ ಹೆಚ್ಚುವುದು ನೂರಕ್ಕೆ 21. ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ಈ ಗಣಿತವನ್ನು ಗಾಡಿಯ ಮುಂದೆ ಕುಳಿತಾಗ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಮರೆಯುತ್ತಾರೆ. ಸಣ್ಣ ಡ್ರಿಲ್ ಬಿಟ್ಟಿನಿಂದ ಇದ್ದ ಜೆಟ್ಟನ್ನೇ ಕೊರೆದು ಕೊಡುವ ಪದ್ಧತಿಯಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಅಲ್ಲಿ ಸಂಖ್ಯೆ ಒಂದು, ರಂಧ್ರ ಇನ್ನೊಂದು.

ಯೆಜ್ಡಿಯೂ ಆರ್‌ಎಕ್ಸ್ 100ರಂತಹ ಗಾಡಿಗಳೂ ಎರಡು ಸ್ಟ್ರೋಕಿನವು ಎಂಬುದು ಈ ಅನ್ಯಾಯವನ್ನು ಇಮ್ಮಡಿಸುತ್ತದೆ. ಇಂತಹ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗ ಹೊಗೆ ಹೋಗುವ ದ್ವಾರವೂ ತೆರೆದೇ ಇರುತ್ತದೆ; ಬಂದ ಮಿಶ್ರಣದ ಒಂದು ಪಾಲು ಸುಡದೆ ನೇರವಾಗಿ ಹೊರಗೆ ಓಡುತ್ತದೆ. ಇದು ರಚನೆಯಲ್ಲೇ ಇರುವ ದೋಷ. ಜೆಟ್ ದೊಡ್ಡದಾದಷ್ಟೂ ಓಡಿಹೋಗುವ ಪಾಲಿನಲ್ಲಿ ಪೆಟ್ರೋಲು, ಅದರೊಡನೆ ಬೆರೆಸಿದ 2ಟಿ ಆಯಿಲು ಹೆಚ್ಚುತ್ತವೆ. ಎರಡು ಸ್ಟ್ರೋಕಿನ ಸೈಲೆನ್ಸರ್ ಸದ್ದಡಗಿಸುವ ಕೊಳವೆ ಮಾತ್ರವೂ ಅಲ್ಲ. ಒಳಗಿನ ಒತ್ತಡದ ಅಲೆಯನ್ನು ಹಿಂದಕ್ಕೆ ತಳ್ಳಿ, ಓಡಿಹೋಗುವ ಮಿಶ್ರಣದ ಒಂದಂಶವನ್ನು ಮರಳಿ ಸಿಲಿಂಡರಿಗೆ ದೂಡುವಂತೆ ಅದರ ಆಕಾರವನ್ನು ರೂಪಿಸಿರುತ್ತಾರೆ. ಅದನ್ನು ಟೊಳ್ಳು ಮಾಡಿದವನು ಸದ್ದು ಗಳಿಸಿ ಶಕ್ತಿ ಕಳೆದುಕೊಳ್ಳುತ್ತಾನೆ, ಕಳೆದ ಶಕ್ತಿಯನ್ನು ಜೆಟ್ಟಿನಲ್ಲಿ ಹುಡುಕುತ್ತಾನೆ.

ಏರ್ ಫಿಲ್ಟರಿನ ಕಥೆ ತುಸು ಬೇರೆ. ಅದನ್ನು ಬಿಚ್ಚಿದರೆ ಗಾಳಿ ನಿಜವಾಗಿಯೂ ಹೆಚ್ಚು ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಆಗ ದೊಡ್ಡ ಜೆಟ್ ಅನಿವಾರ್ಯವೂ ಆಗುತ್ತದೆ. ಆದರೆ ಕಬ್ಬಿನ ಕಟಾವಿನ ದಿನಗಳಲ್ಲಿ ಟ್ರ್ಯಾಕ್ಟರುಗಳೆಬ್ಬಿಸಿದ ಧೂಳಿನ ನಡುವೆ ಫಿಲ್ಟರಿಲ್ಲದ ಎಂಜಿನ್ ಓಡಿಸಿದರೆ ಪಿಸ್ಟನ್ ರಿಂಗು ಎಷ್ಟು ಕಾಲ ಬಾಳೀತು? ಒಂದು ತಪ್ಪನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು.

ಮೆಕ್ಯಾನಿಕ್ಕುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಭಯ ನಿಜವಾದದ್ದು. ಮಿಶ್ರಣ ತೆಳುವಾದರೆ ಎಂಜಿನ್ ವಿಪರೀತ ಕಾಯುತ್ತದೆ. ಪೆಟ್ರೋಲಿನಲ್ಲೇ ಆಯಿಲು ಬೆರೆಸುವ ಯೆಜ್ಡಿಯಂತಹ ಗಾಡಿಯಲ್ಲಿ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಅದರ ಬೈಗುಳ ಮೆಕ್ಯಾನಿಕ್ಕಿಗೇ ತಟ್ಟುವುದರಿಂದ ದೊಡ್ಡ ಜೆಟ್ ಹಾಕಿ ಆತ ನಿಶ್ಚಿಂತನಾಗುತ್ತಾನೆ. ಆದರೆ ಮೂವತ್ತು ನಲವತ್ತು ವರ್ಷದ ಗಾಡಿ ಕಾಯುವುದಕ್ಕೆ ಬಹಳಷ್ಟು ಸಲ ಕಾರಣ ಬೇರೆಯೇ ಇರುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಸೀಳಿ ಅಲ್ಲಿಂದ ಗಾಳಿ ಎಳೆಯುತ್ತಿರುತ್ತದೆ. ಸೀಲ್ ಬದಲಿಸಲು ಎಂಜಿನ್ ಬಿಚ್ಚಬೇಕು, ಜೆಟ್ ಬದಲಿಸಲು ಕೆಲವೇ ನಿಮಿಷ ಸಾಕು. ಹೀಗೆ ಸೀಲಿನ ಕಾಯಿಲೆಗೆ ಜೆಟ್ಟಿನ ಮದ್ದು. ಇದಕ್ಕೆ ತದ್ವಿರುದ್ಧವಾಗಿ, ವರ್ಷಗಟ್ಟಲೆ ಉಜ್ಜಿ ಸವೆದ ನೀಡಲ್ಲು ತಾನಾಗಿಯೇ ಹೆಚ್ಚು ಪೆಟ್ರೋಲು ಬಿಡುತ್ತಿರುತ್ತದೆ. ಊರೊಳಗೆ ಅರ್ಧ ಆಕ್ಸಿಲರೇಟರಿನಲ್ಲಿ ಕಾಣುವ ಹೊಗೆಗೆ ಇದೂ ಒಂದು ಮೂಲ. ಮೇನ್ ಜೆಟ್ಟನ್ನು ಎಷ್ಟು ಸಲ ಬದಲಿಸಿದರೂ ಅದು ನಿಲ್ಲದು.

ಸರ್ಕಾರಿ ತಪಾಸಣೆ ಈ ಸುಳ್ಳನ್ನು ಹಿಡಿಯುತ್ತದೆಯೆ? ಇಲ್ಲ. 2000ದ ಮಾರ್ಚಿಗೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇಕಡ 4.5. ಅದನ್ನು ಅಳೆಯುವುದು ಗಾಡಿ ನಿಂತು ಐಡ್ಲಿಂಗಿನಲ್ಲಿರುವಾಗ. ಐಡ್ಲಿಂಗಿನಲ್ಲಿ ದುಡಿಯುವುದು ಪೈಲಟ್ ಜೆಟ್. ಮೇನ್ ಜೆಟ್ ಆಗ ನಿದ್ರಿಸುತ್ತಿರುತ್ತದೆ. ಪೆಟ್ರೋಲ್ ಬಂಕಿನ ಪಕ್ಕದ ಪೆಟ್ಟಿಗೆಯಂಗಡಿಯಲ್ಲಿ ಪ್ರಾಮಾಣಿಕವಾಗಿಯೇ ಎಮಿಷನ್ ಟೆಸ್ಟ್ ಪಾಸಾದ ಗಾಡಿ ಅರ್ಧ ಗಂಟೆಯ ಬಳಿಕ ಏರುದಾರಿಯಲ್ಲಿ ಕಪ್ಪು ಹೊಗೆ ಉಗುಳಬಹುದು, ಕಾಗದ ಮಾತ್ರ ನಿರ್ದೋಷಿ. ವಾಯುಮಾಲಿನ್ಯ, ಶಬ್ದಮಾಲಿನ್ಯಗಳ ಮಾನದಂಡ ಮೀರಿದ ಗಾಡಿ ಓಡಿಸಿದವರಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅಳೆಯುವ ಸ್ಥಳವೇ ತಪ್ಪಾಗಿರುವಾಗ ದಂಡದ ಮೊತ್ತ ಎಷ್ಟಾದರೇನು?

ಈಗ ಹೊಸದೊಂದು ನೆಪ ಸಿಕ್ಕಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುವುದು ದಿಟ. ಆದರೆ ಎಷ್ಟು? ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಸುಮಾರು ಶೇಕಡ 8ರಷ್ಟು ಹೆಚ್ಚು ಇಂಧನ ಬೇಕು. ರಂಧ್ರದ ವ್ಯಾಸದಲ್ಲಿ ಶೇಕಡ 4. ಅಂದರೆ 100ರ ಜಾಗದಲ್ಲಿ 104, 110 ಅಲ್ಲ, 120 ಅಂತೂ ಅಲ್ಲ. ಬೆಟ್ಟ ಹತ್ತುವವರಿಗೆ ಅದೂ ಬೇಕಿಲ್ಲ. ಮೇಲೆ ಹೋದಂತೆ ಗಾಳಿ ವಿರಳವಾಗುತ್ತದೆ, ಕಾರ್ಬುರೇಟರಿಗೆ ಅದು ತಿಳಿಯುವುದಿಲ್ಲ, ಮಿಶ್ರಣ ತಾನಾಗಿ ದಟ್ಟವಾಗುತ್ತದೆ. ನಂಜನಗೂಡಿನಿಂದ 2240 ಮೀಟರ್ ಎತ್ತರದ ಉದಕಮಂಡಲಕ್ಕೆ ಏರುವಷ್ಟರಲ್ಲಿ ಗಾಳಿಯ ಸಾಂದ್ರತೆ ಶೇಕಡ 15ರಷ್ಟು ಇಳಿದಿರುತ್ತದೆ. ಎಥನಾಲು ತೆಳುಗೊಳಿಸಿದ್ದನ್ನು ಎತ್ತರ ಬಹುಮಟ್ಟಿಗೆ ಸರಿದೂಗಿಸುತ್ತದೆ. ಬೆಟ್ಟಕ್ಕೆಂದು ಜೆಟ್ ದೊಡ್ಡದು ಮಾಡಿಸುವವನು ಪ್ರಕೃತಿ ನಿಯಮಕ್ಕೆ ನೇರ ವಿರುದ್ಧವಾಗಿ ನಡೆಯುತ್ತಿದ್ದಾನೆ.

ಸರಿಯಾದ ದಾರಿ ಗುಟ್ಟಿನದೇನಲ್ಲ. ಮೊದಲು ಫಿಲ್ಟರನ್ನೂ ಸೈಲೆನ್ಸರಿನ ಒಳಭಾಗವನ್ನೂ ಮರಳಿ ಕೂರಿಸಬೇಕು. ಸೀಲು, ನೀಡಲ್ಲು, ಫ್ಲೋಟಿನ ಮಟ್ಟ ಪರೀಕ್ಷಿಸಬೇಕು. ಆಮೇಲೆ ತಯಾರಕರು ಹೇಳಿದ ಗಾತ್ರದ, ಕೊರೆಯದ ಜೆಟ್ ಹಾಕಿ, ಹೊಸ ಪ್ಲಗ್ಗಿನೊಡನೆ ಊರಾಚೆಯ ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಬೇಕು. ಕಾಡಿಗೆಯ ಕಪ್ಪಾದರೆ ಜೆಟ್ ದೊಡ್ಡದು, ಸುಣ್ಣದ ಬಿಳುಪಾದರೆ ಚಿಕ್ಕದು, ಹಾಲು ಬೆರೆತ ಕಾಫಿಯ ಬಣ್ಣವಾದರೆ ಸರಿ. ಸೀಜಿನ ಭಯವಿರುವವರು ಮೇಲಿನ ಸಂಖ್ಯೆಯಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿಯಲಿ. ಈ ಪರೀಕ್ಷೆಗೆ ಬಂಡೀಪುರದ ರಸ್ತೆಯನ್ನು ಮಾತ್ರ ಬಳಸಬಾರದು. ಕಾಡುಪ್ರಾಣಿಗಳ ಸಲುವಾಗಿ 2009ರಿಂದ ಅಲ್ಲಿ ರಾತ್ರಿ ಸಂಚಾರ ನಿಷಿದ್ಧ; ಹಗಲಿನಲ್ಲಿ ಅವುಗಳಿಗೆ ಕಿವಿ ಇಲ್ಲವೆಂದು ಅದರ ಅರ್ಥವಲ್ಲ.

ಗ್ಯಾರೇಜಿನವರಿಂದ ಕೇಳಬೇಕಾದದ್ದೂ ಒಂದಿದೆ. ಹಾಕಿದ ಜೆಟ್ಟಿನ ಸಂಖ್ಯೆಯನ್ನೂ ತೆಗೆದುದರ ಸಂಖ್ಯೆಯನ್ನೂ ಬಿಲ್ಲಿನ ಮೇಲೆ ಬರೆದುಕೊಡಲಿ. ತೆಗೆದ ಜೆಟ್ಟನ್ನು ಕಾಗದದಲ್ಲಿ ಸುತ್ತಿ ಗಾಡಿಯವನ ಕೈಗೇ ಕೊಡಲಿ. ಆ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಳಗೆ ಇಟ್ಟುಕೊಂಡರೆ, ನಾಳೆ ಆ ಗಾಡಿಯನ್ನು ಕೊಳ್ಳುವವನಿಗೂ ಅದರೊಳಗೆ ಏನಿದೆಯೆಂದು ತಿಳಿದಿರುತ್ತದೆ.